ಸೂಜಿಯ ದಿನದ ರಜೆ

ನಮ್ಮ ಕರಡಿ ಗುಂಡಕ್ಕನಿಗೆ ಸೂಜಿ ಹಾಕುವ ದಿನ ನಾನು ಮೃಗಾಲಯಕ್ಕೆ ಕಾಲಿಡುತ್ತಿರಲಿಲ್ಲ. ಅವಳನ್ನು ನೋಡಿಕೊಂಡ ಹನ್ನೊಂದು ವರ್ಷವೂ ಅದನ್ನೊಂದು ವ್ರತದ ಹಾಗೆ ನಡೆಸಿಕೊಂಡು ಬಂದಿದ್ದೆ. ಕರಡಿ ನೋವನ್ನು ಮರೆಯುವುದಿಲ್ಲ. ನೋವಾದಾಗ ಯಾರ ದನಿ ಕೇಳಿತ್ತು ಎಂಬುದನ್ನಂತೂ ಮರೆಯುವುದೇ ಇಲ್ಲ. "ಬಾರೇ ನನ್ನ ಬಂಗಾರಿ" ಎಂದು ನಾನು ಕರೆದರೆ ಅಲ್ಲಿ ತಿಂಡಿ ಮಾತ್ರ ಇರಬೇಕು.

ನನ್ನ ಗಂಡ ಅಲ್ಲೇ ಎಲೆಕ್ಟ್ರಿಷಿಯನ್. ಗುಂಡಕ್ಕ ದಿನವಿಡೀ ಬೇಲಿಗುಂಟ ಒಂದೇ ಹಾದಿ ಸವೆಸುವುದನ್ನು ನೋಡಲಾರದೆ ಐದು ಪೆಟ್ಟಿಗೆ ಮಾಡಿದರು. ಹೊತ್ತುಗೊತ್ತಿಲ್ಲದೆ ಯಾವುದೋ ಒಂದು ಕರೆಯುತ್ತದೆ. ಅವಳು ಹುಡುಕಿ ಹೋಗಿ ಮುಚ್ಚಳ ತಿರುಗಿಸಿದರೆ ಜೇನು ಸುರಿಯುತ್ತದೆ. ಕರೆಯುವ ದನಿ ನನ್ನದು. ಅಡುಗೆಮನೆಯಲ್ಲಿ ಕುಕ್ಕರ್ ಆರಿಸಿ ರೆಕಾರ್ಡ್ ಮಾಡಿಕೊಂಡಿದ್ದರು.

"ನನ್ನನ್ನ ಯಾವತ್ತಾದ್ರೂ ಇಷ್ಟು ಮುದ್ದಾಗಿ ಕರೆದಿದೀಯೇನೇ?"

"ನಿಮಗೂ ಮೈತುಂಬ ಕೂದಲು ಬರಲಿ, ನೋಡೋಣ."

ತಿಂಗಳೊಳಗೆ ಸವೆದ ಹಾದಿಯಲ್ಲಿ ಹುಲ್ಲು ಚಿಗುರಿತು. ಅದನ್ನು ಮುಟ್ಟಿ ಮುಟ್ಟಿ ನೋಡಿ ಅತ್ತಿದ್ದೆ.

ಹಲ್ಲಿನ ಬುಡ ಕೀವುಗಟ್ಟಿ ಮೊನ್ನೆ ಮತ್ತೆ ಸೂಜಿ ಬೇಕಾಯಿತು. ನಾನು ಮನೆಯಲ್ಲೇ ಉಳಿದು ಬೀರು ಜೋಡಿಸಿದೆ. ನಿನ್ನೆ ಹೋಗಿ ಕಂಬಿಯ ಬಳಿ ನಿಂತು ಕರೆದೆ. ಗುಂಡಕ್ಕ ಎದ್ದಳು. ಹಿಂದಿನ ಗೋಡೆಗೆ ಬೆನ್ನೊತ್ತಿ ನಿಂತು ನನಗೆ ಹಲ್ಲು ತೋರಿಸಿದಳು.

"ಸಲೀಸಾಗಿ ಆಯ್ತು ಅಕ್ಕ," ಎಂದರು ಡಾಕ್ಟರು, ಹೊಗಳುವವರ ಹಾಗೆ. "ಮೊದಲೆಲ್ಲ ಅರ್ಧ ದಿನ ಸತಾಯಿಸ್ತಿದ್ಳು. ಈ ಸಲ ನಿಮ್ಮ ಯಜಮಾನ್ರು ಸೂಜಿ ಹಾಕೋ ಬೋನಿನೊಳಗೆ ಒಂದು ಪೆಟ್ಟಿಗೆ ಇಟ್ರು. ನಿಮ್ಮ ದನಿ ಕೇಳಿದ್ದೇ ತಡ, ಓಡಿ ಬಂದ್ಳು!"

ಮನೆಗೆ ಬಂದವಳೇ ಕೇಳಿದೆ.

"ನಾನ್ಯಾಕೆ ರಜೆ ಹಾಕ್ತೀನಿ ಅಂತ ನಿಮಗೆ ಗೊತ್ತಿರಲಿಲ್ವಾ?"

"ಅವಳ ಒಳ್ಳೇದಕ್ಕೇ ತಾನೆ? ಒಂದೇ ಸಲ ಕಣೇ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅದಕ್ಕೇ ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇನ್ನೂ ಏನೇನು ಹೀಗೆ ಕೇಳದೆ ಬಿಟ್ಟಿದ್ದಾರೋ ಎಂದುಕೊಳ್ಳುತ್ತ ಒಂದೇ ತಟ್ಟೆಯನ್ನು ಎಷ್ಟೋ ಹೊತ್ತು ತೊಳೆದೆ.

"ನಿನ್ನಾಣೆ, ನಾಳೆಯಿಂದ ಪೆಟ್ಟಿಗೆಗಳನ್ನ ಬಂದ್ ಮಾಡ್ತೀನಿ. ಸಾಕಾ?" ಎಂದರು.

ಇವತ್ತು ಬೆಳಿಗ್ಗೆ ತುಟಿ ಎರಡು ಮಾಡದೆ ಬಕೆಟ್ ಇಟ್ಟು ದೂರ ಕುಳಿತೆ. ಬಹಳ ಹೊತ್ತಿನ ಮೇಲೆ ಗುಂಡಕ್ಕ ಒಂದು ಹೆಜ್ಜೆ ಬಂದಳು. ಮೂಗೆತ್ತಿ ನನ್ನ ವಾಸನೆ ಹಿಡಿದು ಇನ್ನೊಂದು ಹೆಜ್ಜೆ.

"ಬಾರೇ ನನ್ನ ಬಂಗಾರಿ," ಎಂದಿತು ಮರದ ಮೇಲಿನ ಪೆಟ್ಟಿಗೆ.

ಅವಳು ಪೆಟ್ಟಿಗೆಯತ್ತ ತಿರುಗಲಿಲ್ಲ. ನನ್ನನ್ನೇ ನೋಡಿದಳು. ಆಮೇಲೆ ಬೇಲಿಯತ್ತ ಹೋಗಿ, ಚಿಗುರಿದ ಹುಲ್ಲನ್ನು ತುಳಿಯುತ್ತ, ಆ ತುದಿಯಿಂದ ಈ ತುದಿಗೆ ನಡೆಯತೊಡಗಿದಳು.