ಗುಡ್ಡ ಇಳಿದವರು

“ಏಯ್, ಹಿಂದಕ್ಕೆ ಸರೀರೇ. ಗಬ್ಬು ನಾತ ಹೊಡೀತಿದೀರ.”

ಇದು ಮೇಸ್ತ್ರಿ ನಮಗೆ ಮಾಡಿದ ಸ್ವಾಗತ. ತೂಕದ ಶೆಡ್ಡಿನ ನೆಲದ ಮೇಲೆ ನಾವು ನಲವತ್ತು ಹೆಂಗಸರು ಕೂತಿದ್ದೆವು, ಎಲ್ಲರೂ ಕಸದ ಗುಡ್ಡ ಹತ್ತಿ ಆಯುವವರು. ಎದುರಿಗೆ ಎರಡು ಕುರ್ಚಿ. ಒಂದರಲ್ಲಿ ದೊಡ್ಡ ಡಾಕ್ಟರು. ಇನ್ನೊಂದರಲ್ಲಿ ಕನ್ನಡಕದ ಹುಡುಗಿ. ಹೋದ ವರ್ಷ ನಮ್ಮ ಮನೆಮನೆಗೆ ಬಂದು ಪ್ರಶ್ನೆ ಕೇಳಿ ಬರೆದುಕೊಂಡು ಹೋದವಳು ಇವಳೇ. ಡಾಕ್ಟರು ಕಾರಿನಿಂದ ಇಳಿಯುವಾಗ ಮೂಗಿಗೆ ಒತ್ತಿಕೊಂಡ ಕರ್ಚೀಫನ್ನು ಇನ್ನೂ ತೆಗೆದಿರಲಿಲ್ಲ. ನನ್ನ ಪಕ್ಕ ಕೂತಿದ್ದ, ಗಾಜು ಆಯುವ ಗಾಜಿನಕ್ಕ ಅಷ್ಟರಲ್ಲೇ ಅವರಿಗೆ ‘ಕರ್ಚೀಫು’ ಎಂದು ಹೆಸರಿಟ್ಟು ಮುಗಿಸಿದ್ದಳು.

ಕರ್ಚೀಫು ಒಂದು ಪುಸ್ತಕ ಎತ್ತಿ ತೋರಿಸಿತು. ಹೊಳೆಯುವ ರಟ್ಟು, ಬೆನ್ನಿಗೆ ಪ್ಲಾಸ್ಟಿಕ್ ಸುರುಳಿ.

“ರಟ್ಟು ಹೋಗಲ್ಲ ಕಣೇ,” ಗಾಜಿನಕ್ಕ ನನ್ನ ಕಿವಿಯಲ್ಲಿ ಅಂದಳು. “ಒಳಗಿನ ಹಾಳೆ ಹೋಗುತ್ತೆ.”

ನಮ್ಮಲ್ಲಿ ‘ಹೋಗುತ್ತೆ’ ಎಂದರೆ ಮಾರಾಟವಾಗುತ್ತದೆ ಎಂದು. ಉಳಿದದ್ದೆಲ್ಲ ಕಸ.

“ಇದು ಎರಡು ವರ್ಷದ ಅಧ್ಯಯನ,” ಕರ್ಚೀಫು ಶುರು ಮಾಡಿತು. “ಗುಡ್ಡದ ಪಕ್ಕ ಇರೋ ನಿಮ್ಮಲ್ಲಿ ಇನ್ನೂರು ಜನ, ದೂರದ ಕಾಲುವೆ ಬೀದಿಯಲ್ಲಿ ಇನ್ನೂರು ಜನ. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದೀವಿ. ಇಲ್ಲಿ ಕೆಮ್ಮು ಇದೆ ಅಂದೋರು ನಾಲ್ಕೇ ಜನ. ಎದೆ ಕಾಯಿಲೆ ಇಲ್ಲಿ ಇಬ್ಬರಿಗೆ, ಅಲ್ಲಿ ಹನ್ನೊಂದು ಜನಕ್ಕೆ. ಅಂದ್ರೆ ಗುಡ್ಡದಿಂದ ಏನೂ ತೊಂದರೆ ಇಲ್ಲ ಅಂತ ಸಾಬೀತಾಯ್ತು. ನೀವು ಅವರಿಗಿಂತ ಗಟ್ಟಿ ಇದೀರಮ್ಮ!”

ಹೇಳಿ ನಕ್ಕಿತು. ನಮ್ಮನ್ನೂ ನಗಿಸಬೇಕೆಂದಿತ್ತೋ ಏನೋ.

ಮೇಸ್ತ್ರಿ ರಿಜಿಸ್ಟರನ್ನೂ ಶಾಯಿ ಡಬ್ಬಿಯನ್ನೂ ಮುಂದಕ್ಕೆ ತಳ್ಳಿದ. “ವರದಿ ಓದಿ ಹೇಳಿದಾರೆ, ಒಪ್ಪಿದೀವಿ ಅಂತ ಹೆಬ್ಬೆಟ್ಟು ಒತ್ತಿ ಎದ್ದೇಳಿ. ಬರೋ ತಿಂಗಳು ನಿಮ್ಮ ಮನೆಗಳ ಹಿಂದೆ ಎರಡನೇ ಗುಡ್ಡ ಶುರು.”

ನಮ್ಮ ಮನೆಗಳ ಹಿಂದಿನ ಗೋಡೆ ಎಂದರೆ ಒಂದು ತಗಡು. ಮುಂದಿರುವ ಗುಡ್ಡಕ್ಕೆ ಬೆಂಕಿ ಬಿದ್ದಾಗ ಆ ತಗಡು ಸರಿಸಿ ಮಕ್ಕಳನ್ನು ಹಿಂದಿನ ಬಯಲಿಗೆ ಸಾಗಿಸುತ್ತೇವೆ. ಉಸಿರಾಡಲು ಉಳಿದಿರುವುದು ಅದೊಂದೇ ಕಡೆ. ನನ್ನ ಮಗಳ ಕೂಸಿಗೆ ಏಳು ತಿಂಗಳು. ಹೋದ ವಾರ ಅದನ್ನು ಎತ್ತಿಕೊಂಡು ಓಡಿದಾಗ ಅದರ ತುಟಿ ನೀಲಿಯಾಗಿತ್ತು. ಹಿಂದೆಯೂ ಗುಡ್ಡ ಬಂದರೆ ಎಲ್ಲಿಗೆ ಓಡಲಿ? ನನಗೆ ಮೈಯೆಲ್ಲ ಉರಿದುಹೋಯಿತು.

“ಏನಮ್ಮ ಕನ್ನಡಕ,” ಎಂದೆ. “ಕೆಮ್ಮು ಇದೆಯಾ ಅಂತ ತಾನೇ ನೀನು ಕೇಳಿದ್ದು?”

“ಹೂಂ ಅಕ್ಕ. ನೀವು ಇಲ್ಲ ಅಂದ್ರಿ.”

“ಅಂದೆ. ನಮ್ಮಲ್ಲಿ ರಕ್ತ ಬಿದ್ರೆ ಮಾತ್ರ ಕೆಮ್ಮು. ಮಿಕ್ಕಿದ್ದೆಲ್ಲ ಹೊಗೆ.”

ಅವಳಿಗೆ ಅರ್ಥವಾಗಲಿಲ್ಲ. ಹೇಗೆ ಆಗಬೇಕು? ಎದೆ ಕಿತ್ತುಬರುವ ಹಾಗೆ ಕೆಮ್ಮಿ ಕಣ್ಣಲ್ಲಿ ನೀರು ಸುರಿದರೂ ‘ಹೊಗೆ ಬಂತು’ ಅನ್ನುತ್ತೇವೆ, ನೀರು ಕುಡಿದು ಮತ್ತೆ ಮೂಟೆ ಎತ್ತುತ್ತೇವೆ. ಕೆಮ್ಮು ಎಂಬ ಮಾತು ಕಿವಿಗೆ ಬಿದ್ದರೆ ಮೇಸ್ತ್ರಿ ಗುಡ್ಡಕ್ಕೆ ಬಿಡುವ ಗೇಟಿನ ಚೀಟಿ ಕಿತ್ತುಕೊಳ್ಳುತ್ತಾನೆ. ಅಂದು ಈ ಹುಡುಗಿ ಕೇಳಿದಾಗಲೂ ಅಷ್ಟೇ. ‘ಇಲ್ಲ’ ಎಂಬ ಒಂದು ಮಾತು ಹೇಳಿ ಮುಗಿಸುವುದರೊಳಗೆ ನನಗೆ ಎರಡು ಸಲ ಹೊಗೆ ಬಂದಿತ್ತು. ಅವಳು ಪಾಪ, ಅದು ನಿಲ್ಲುವ ತನಕ ಕಾದಿದ್ದು, ‘ಇಲ್ಲ’ ಎಂದು ಬರೆದುಕೊಂಡಿದ್ದಳು.

“ಕಣ್ಣು ನಾಲ್ಕಿದ್ರೂ ಕಿವಿ ಇಲ್ವಲ್ಲೇ,” ಗಾಜಿನಕ್ಕ ಅಂದಳು. ಹೆಂಗಸರು ನಕ್ಕರು. ನಗುವಿಗೂ ನಾಲ್ಕೈದು ಜನಕ್ಕೆ ಹೊಗೆ ಬಂತು.

ಕರ್ಚೀಫಿಗೆ ಸಿಟ್ಟು. “ಕೆಮ್ಮಿನ ಮಾತು ಬಿಡಿ. ಎದೆ ಕಾಯಿಲೆದು ಆಸ್ಪತ್ರೆ ಚೀಟಿ ನೋಡಿ ಬರೆದಿರೋದು. ಇಲ್ಲಿ ಎರಡು, ಅಲ್ಲಿ ಹನ್ನೊಂದು. ಅದು ಸುಳ್ಳಾಗಲ್ಲ. ಓದೋಕ್ ಬರದೆ ಇರೋರಿಗೆ ಅಧ್ಯಯನ ಅಂದ್ರೆ ಏನು ಗೊತ್ತಾಗುತ್ತೆ?”

ಓದಲು ಬರುವುದಿಲ್ಲ, ನಿಜ. ತಕ್ಕಡಿಯ ದಯೆಯಿಂದ ಅಂಕಿ ಬರುತ್ತದೆ. ಮೂಟೆ ನೋಡುವುದೂ ಬರುತ್ತದೆ. ಮೂಟೆಯನ್ನು ಯಾರೂ ಬಾಯಿ ನೋಡಿ ಕೊಳ್ಳುವುದಿಲ್ಲ. ಮೇಲೆ ಒಳ್ಳೆ ಬಾಟಲಿ ಜೋಡಿಸಿ ತಳಕ್ಕೆ ಒದ್ದೆ ಬಟ್ಟೆ ತುರುಕುವವರು ನಮ್ಮಲ್ಲೂ ಇದ್ದಾರೆ. ಕೊಳ್ಳುವವನು ಮೊಣಕೈ ತನಕ ತಳಕ್ಕೆ ಕೈ ಹಾಕುತ್ತಾನೆ. ನಾನೂ ಹಾಕಿದೆ.

“ಆ ಹನ್ನೊಂದು ಜನ ಯಾರು ಸಾರ್?”

“ಹೆಸರು ಹೇಳೋ ಹಾಗಿಲ್ಲ.”

“ಬೇಡ ಬಿಡಿ, ನಾನೇ ಹೇಳ್ತೀನಿ.” ಬೆರಳು ಮಡಚಿದೆ. “ಗಾಜಿನಕ್ಕನ ಅಣ್ಣ. ತಂತಿ ಭಾವ. ಚಪ್ಪಲಿ ತಾತ, ಅವನ ಸೊಸೆ. ಡಬ್ಬಿ ಅತ್ತೆ...”

ಒಂಬತ್ತರ ತನಕ ನನಗೇ ಸಿಕ್ಕಿದರು. ಹತ್ತನೆಯವರ ಹೆಸರನ್ನು ಹಿಂದಿನಿಂದ ಯಾರೋ ಕೂಗಿ ಹೇಳಿದರು. ಎಲ್ಲರೂ ಇಲ್ಲಿಂದಲೇ ಇಳಿದವರು. ಗುಡ್ಡ ಹತ್ತಲಾಗದವರು ಇಳಿಯಬೇಕು, ಇದು ಇಲ್ಲಿನ ಕಟ್ಟಳೆ. ಗೇಟಿನ ಚೀಟಿ ಇದ್ದವರಿಗೇ ಮನೆ. ಎದೆ ಕೆಟ್ಟವರು ಹಾಸಿಗೆ ಸುತ್ತಿಕೊಂಡು ಕಾಲುವೆ ಬೀದಿಯ ನೆಂಟರ ಮನೆಯ ಮೂಲೆ ಸೇರುತ್ತಾರೆ. ಇಲ್ಲಿ ಉಳಿಯುವುದು ಗಟ್ಟಿಮುಟ್ಟಾದವರು, ಇಲ್ಲವೇ ನನ್ನ ಹಾಗೆ ಸುಳ್ಳು ಹೇಳುವವರು.

“ಹನ್ನೊಂದನೇದು ನನ್ನ ಗಂಡ,” ಎಂದೆ.

ಹುಡುಗಿ ತಲೆ ಎತ್ತಿದಳು. “ಎಡಗೈಲಿ ಎರಡು ಬೆರಳು ಇರ್ಲಿಲ್ಲ... ಅವರಾ? ತಮ್ಮ ಅಕ್ಕನ ಮನೇಲಿದ್ರು.”

“ಅವನೇ. ಬೆರಳು ಎಲ್ಲಿ ಹೋಯ್ತು ಅಂತ ಕೇಳಿದ್ಯಾ? ಇದಕ್ಕೆ ಮುಂಚೆ ಎಲ್ಲಿದ್ದೆ ಅಂತ?”

“ಫಾರಂನಲ್ಲಿ ಆ ಪ್ರಶ್ನೆ ಇರ್ಲಿಲ್ಲ,” ಎಂದು ಅವಳು ಕರ್ಚೀಫಿನ ಕಡೆ ನೋಡಿದಳು. ಕರ್ಚೀಫು ತನ್ನ ಬೂಟು ನೋಡಿಕೊಂಡಿತು.

ಹತ್ತೊಂಬತ್ತು ವರ್ಷ ಈ ಗುಡ್ಡ ಹತ್ತಿದವನು. ಅವನ ಹಾಸಿಗೆ ಸುತ್ತಿದವಳು ನಾನೇ. ಮನೆ ಉಳಿಯಲಿ, ನೀನು ಇಳಿ ಅಂದವಳೂ ನಾನೇ. ನಾಲ್ಕು ತಿಂಗಳಿಗೆ ಅಲ್ಲೇ ಹೋದ. ಸತ್ತ ಮೇಲೂ ಈ ಬೋಳಿಮಕ್ಕಳು ಅವನನ್ನು ಬಿಡಲಿಲ್ಲ, ಗುಡ್ಡದ ಪರ ಸಾಕ್ಷಿ ಹೇಳಿಸಿದ್ದಾರೆ.

ಎದ್ದು ಹೋಗಿ ಪುಸ್ತಕ ಎತ್ತಿಕೊಂಡೆ.

“ಏಯ್, ಇಡೇ ಅದನ್ನ!” ಮೇಸ್ತ್ರಿ ಕೈ ಎತ್ತಿಕೊಂಡು ಬಂದ. ಗಾಜಿನಕ್ಕ ಅಡ್ಡ ನಿಂತಳು. ಕೈಯಲ್ಲಿ ಆಯುವ ಕೊಕ್ಕೆ ಇತ್ತು. “ಮುಟ್ಟೋ ನೋಡೋಣ,” ಅಂದಳು.

ಹುಡುಗಿಯ ಮುಂದೆ ಪುಸ್ತಕ ಹಿಡಿದೆ. “ಎರಡು, ಹನ್ನೊಂದು ಇರೋ ಹಾಳೆ ತೆಗಿ.” ಅವಳು ತೆಗೆದಳು. ಹಾಳೆಯ ನಡುವೆ ಒಂದು ಗೆರೆ, ಎಡಕ್ಕೆ ನಾವು, ಬಲಕ್ಕೆ ಕಾಲುವೆ ಬೀದಿ. ಹಾಳೆ ಕಿತ್ತೆ. ಗೆರೆಯ ಮೇಲೇ ನೇರವಾಗಿ ಹರಿದೆ, ಅದು ನನ್ನ ದಿನದ ಕೆಲಸ. ಬಲದ ತುಂಡನ್ನು ಎಡದ ತುಂಡಿನ ಕೆಳಗೆ ರಿಜಿಸ್ಟರಿನ ಮೇಲೆ ಜೋಡಿಸಿಟ್ಟೆ.

“ಆ ಹನ್ನೊಂದು ತಪ್ಪು ಮೂಟೆಗೆ ಬಿದ್ದಿತ್ತು ಸಾರ್. ಈಗ ಕೂಡಿಸಿ.”

“ಇದೆಲ್ಲ ನಡೆಯಲ್ಲ,” ಕರ್ಚೀಫು ಅಂದಿತು. “ವರದಿ ಆಗಲೇ ಮೇಲೆ ಹೋಗಿದೆ.”

“ಹಾಗಾದ್ರೆ ಹೆಬ್ಬೆಟ್ಟು ಯಾಕೋ?” ಗಾಜಿನಕ್ಕ ಅಂದಳು. ಶಾಯಿ ಡಬ್ಬಿಯನ್ನು ಒದ್ದಳು. ಅದು ಉರುಳಿ ಬಾಗಿಲಾಚೆ ಬಿತ್ತು. ಒಬ್ಬಳೂ ಎತ್ತಿಕೊಡಲಿಲ್ಲ.

ಆಗ ನನಗೆ ಬಂತು. ಹೊಟ್ಟೆಯೊಳಗಿಂದ ಬಂತು. ಕುರ್ಚಿಯ ತೋಳು ಹಿಡಿದು ಬಗ್ಗಿದೆ. ಕರ್ಚೀಫು ಕುರ್ಚಿ ಸಮೇತ ಹಿಂದಕ್ಕೆ ಸರಿಯಿತು. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದ. ಚೀಟಿ ಸೊಂಟದಲ್ಲಿತ್ತು, ತೆಗೆದು ಅವನ ಕಾಲ ಬಳಿ ಎಸೆದೆ.

“ಇದು ಹೊಗೆ ಅಲ್ಲ ಕಣಮ್ಮ,” ಉಸಿರು ಹಿಂತಿರುಗಿದ ಮೇಲೆ ಹುಡುಗಿಗೆ ಹೇಳಿದೆ. “ಕೆಮ್ಮು. ಬರ್ಕೋ.”

ಹಿಂದೆ ಡಬ್ಬಿ ಅತ್ತೆಯ ಮಗಳು ಎದ್ದು ನಿಂತಳು. “ನಂಗೂ ಕೆಮ್ಮು.” ಅವಳ ಪಕ್ಕದವಳೂ ಎದ್ದಳು.

ಹುಡುಗಿ ಪೆನ್ನು ಹುಡುಕುತ್ತಿದ್ದಳು. ಪೆನ್ನು ಕರ್ಚೀಫಿನ ಜೇಬಿನಲ್ಲಿತ್ತು.