ಚಂದ್ರಿಯ ಕಡಿವಾಣ

ಆ ಬೆಳಿಗ್ಗೆ ಥಂಡಿ ಗಾಳಿ ಬಿಟ್ಟಿತ್ತು. ಎಳ್ಳಮಾವಾಸ್ಯೆ ಕಳೆದು ನಾಲ್ಕು ದಿನವಾಗಿತ್ತು. ಬಿಳಿಜೋಳದ ಹೊಲಗಳ ಮೇಲೆ ಮಂಜು ಕೂತಿತ್ತು. ಊರ ಹೊರಗಿನ ಕುಲುಮೆಯ ಹೊಗೆ ಮೇಲೇರಲಾರದೆ ನೆಲ ಹಿಡಿದು ಹರಿದಾಡುತ್ತಿತ್ತು. ಅಂಥ ಚಳಿಯಲ್ಲಿ ಕೆಂಪಗೆ ಕಾದು ಹುಟ್ಟಿದವನು ನಾನು. ನಾನು ಒಂದು ಕಡಿವಾಣ.

ಅದಕ್ಕೂ ಮೊದಲು ಚಕ್ಕಡಿಯ ಗಾಲಿಗೆ ಸುತ್ತಿದ ಕಬ್ಬಿಣದ ಪಟ್ಟಿಯ ತುಂಡಾಗಿದ್ದೆನಂತೆ. ಎಷ್ಟು ವರ್ಷ ಕಲ್ಲು ತುಳಿದೆನೋ ನೆನಪಿಲ್ಲ. ಹಿಂದಿನ ಜನ್ಮವನ್ನು ಬೆಂಕಿ ತೊಳೆದುಬಿಡುತ್ತದೆ, ಅದು ದೇವರ ದಯೆ. ಕಂಬಾರ ಮೌನೇಶಪ್ಪ ನನ್ನನ್ನು ಏಳೆಂಟು ಬೆರಳುದ್ದದ ಸರಳಾಗಿ ಬಡಿದ, ನಡುವೆ ಕೊಂಡಿ ಕೂಡಿಸಿದ, ಎರಡು ತುದಿಗೂ ಒಂದೊಂದು ಬಳೆ ತೊಡಿಸಿದ. ಅಷ್ಟೇ ನಾನು. ಸರಳು ಕುದುರೆಯ ನಾಲಿಗೆಯ ಮೇಲೆ ಕೂರುತ್ತದೆ. ಬಳೆಗಳು ಬಾಯಿಯ ಹೊರಗೆ ಉಳಿಯುತ್ತವೆ. ಬಳೆಗೆ ಕಟ್ಟಿದ ತೊಗಲಿನ ಲಗಾಮು ಓಡಿಸುವವನ ಕೈ ಸೇರುತ್ತದೆ.

ನನ್ನನ್ನು ಮಾಡಿಸಲು ಬಂದವನು ಟಾಂಗಾದ ದಾವಲಸಾಬ. ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಕಾಯಿಸಿಕೊಳ್ಳುತ್ತಿದ್ದ.

"ಮುಳ್ಳು ಇಡ್ಲೇನೋ ದಾವಲಣ್ಣಾ?" ಎಂದು ಮೌನೇಶಪ್ಪ ಕೇಳಿದ. "ಎಳೇ ಕುದರಿ ಅಂತಿ. ಸರಳಿಗೆ ನಾಕು ಮುಳ್ಳಿದ್ರ ಒಂದ ಎಳತಕ್ಕ ನಿಲ್ಲತೈತಿ."

"ನಿನ್ನ ಬಾಯಾಗ ನಿನ್ನ ಹೆಂಡ್ತಿ ಮುಳ್ಳು ಇಟ್ಟಾಳೇನು?"

"ಇಟ್ಟಿದ್ರ ಊರಿಗೆ ಉಪಕಾರ ಆಗ್ತಿತ್ತು."

ಇಬ್ಬರೂ ನಕ್ಕರು. ನನಗೆ ಮುಳ್ಳು ಬರಲಿಲ್ಲ. ಬದಲಿಗೆ ಮೌನೇಶಪ್ಪ ಅರ ಹಿಡಿದು ನನ್ನನ್ನು ಹೊತ್ತು ಏರುವವರೆಗೂ ತಿಕ್ಕಿದ. ಆಮೇಲೆ ನೀರಲ್ಲಿ ತೊಳೆದು, ಮೇಲಕ್ಕೆ ನೋಡಿ ತನ್ನ ದೇವರನ್ನು ನೆನೆದು, ನನ್ನನ್ನು ತನ್ನ ಬಾಯೊಳಗೇ ಇಟ್ಟುಕೊಂಡ! ಕೊಂಡಿಯ ಸಂದಿಗೆಲ್ಲ ನಾಲಿಗೆ ಆಡಿಸಿದ. ಒಂದು ಕಡೆ ತುಸು ಚುಚ್ಚಿತು. ತೆಗೆದು ಮತ್ತೆ ತಿಕ್ಕಿದ. ಮತ್ತೆ ಬಾಯಿಗಿಟ್ಟ. ಮೂರನೆಯ ಸಲಕ್ಕೆ ತಲೆ ಆಡಿಸಿ ದಾವಲಸಾಬನ ಕೈಗೆ ಕೊಟ್ಟ.

"ಕುದರಿಗೆ ಮುಂದಿನ ಹಲ್ಲಿಗೂ ದವಡಿ ಹಲ್ಲಿಗೂ ನಡುವ ನಾಕು ಬೆರಳು ಜಾಗಾ ಖಾಲಿ ಐತಿ, ನೋಡಿಯಿಲ್ಲೋ? ಅಲ್ಲಿ ಹಲ್ಲು ಇಡಾಕ ದೇವರಿಗೆ ಬರ್ತಿರಲಿಲ್ಲೇನು? ಮನಷ್ಯಾನ ನಂಬಿ ಬಿಟ್ಟಾನ. ನೀ ಅದನ್ನ ನೆನಪಿಟ್ಟು ಹಿಡೀಪಾ."

ಆ ಜಾಗಕ್ಕೆ ನಾನು ಹೋದೆ. ಕುದುರೆ ಮೂರು ವರ್ಷದ ಹೆಣ್ಣು, ಕೆಂಚು ಬಣ್ಣ, ಹಣೆಯ ಮೇಲೆ ಬಿಳಿ ಮಚ್ಚೆ. ಅದಕ್ಕೇ ಚಂದ್ರಿ ಎಂದು ಹೆಸರು. ಮೊದಲ ದಿನ ದಾವಲಸಾಬ ನನಗೆ ಬೆಲ್ಲ ಸವರಿದ್ದ. ಚಂದ್ರಿ ಬೆಲ್ಲ ನೆಕ್ಕಿದಳು. ಬೆಲ್ಲ ತೀರಿದ ಮೇಲೆ ಇದೇನು ಬಾಯಲ್ಲಿ ಉಳಿದುಬಿಟ್ಟಿತಲ್ಲ ಎಂದು ಅರ್ಧ ದಿನ ನನ್ನನ್ನು ಅಗಿದಳು, ಉಗುಳಲು ನೋಡಿದಳು, ತಲೆ ಕೊಡವಿದಳು. ಸಂಜೆಗೆ ಸುಮ್ಮನಾದಳು. ನಾನೂ ಸುಮ್ಮನಾದೆ. ಆಮೇಲೆ ಹನ್ನೆರಡು ವರ್ಷ ನಾನು ಅವಳ ನಾಲಿಗೆಯ ಮೇಲೆ ಬಾಳಿದೆ. ಬೇರೆ ಕಬ್ಬಿಣದ ರುಚಿ ಅವಳಿಗೆ ಗೊತ್ತಿರಲಿಲ್ಲ. ಬೇರೆ ಬಾಯಿಯ ಬಿಸಿ ನನಗೆ ಗೊತ್ತಿರಲಿಲ್ಲ.

ಸ್ಟೇಷನ್ನಿನಿಂದ ಊರೊಳಗೆ ಎರಡು ಮೈಲಿ. ದಿನಕ್ಕೆ ಏಳೆಂಟು ಸಲ ಹೋಗಿ ಬರುವುದು. ನನ್ನ ಕೆಲಸ ಕುದುರೆಯನ್ನು ನಿಲ್ಲಿಸುವುದು ಎಂದು ನೀವು ತಿಳಿದಿರಬಹುದು. ಹುಟ್ಟಿದ ಹೊಸದರಲ್ಲಿ ನಾನೂ ಹಾಗೇ ತಿಳಿದಿದ್ದೆ. ದಾವಲಸಾಬನ ಕೈ ನನಗೆ ಬೇರೆ ಪಾಠ ಕಲಿಸಿತು. ಅವನು ಲಗಾಮನ್ನು ಎಳೆಯುತ್ತಿರಲಿಲ್ಲ, ಕಿರುಬೆರಳು ಮಡಚುತ್ತಿದ್ದ, ಅಷ್ಟೇ. ಚಂದ್ರಿಯ ನಾಲಿಗೆಯ ಮೇಲೆ ನಾನು ತುಸು ಒರಗುತ್ತಿದ್ದೆ. ಅವಳು ಕಿವಿ ಹಿಂದಕ್ಕೆ ತಿರುಗಿಸಿ 'ಹ್ಞೂಂ' ಎಂದ ಕೂಡಲೇ ಆ ಬೆರಳು ಸಡಿಲಾಗುತ್ತಿತ್ತು. ಎಳೆದದ್ದನ್ನು ಅವಳು ಮರೆಯುತ್ತಿದ್ದಳು, ಸಡಿಲ ಬಿಟ್ಟದ್ದನ್ನು ನೆನಪಿಟ್ಟುಕೊಳ್ಳುತ್ತಿದ್ದಳು. ಅಂಗೈಯ ಮಾತನ್ನು ಬಾಯಿಗೆ ಮುಟ್ಟಿಸುವುದು, ಬಾಯಿಯ ಮಾತನ್ನು ಅಂಗೈಗೆ ತರುವುದು, ಇದು ನನ್ನ ಬಾಳು.

ಟಾಂಗಾ ಹತ್ತಿದವರ ಬಾಯಲ್ಲಿ ಮಾತ್ರ ನನ್ನ ಹೆಸರು ಬೇರೆಯಾಗಿಯೇ ಕೇಳಿಸುತ್ತಿತ್ತು. ಹೈಸ್ಕೂಲಿನ ಮಾಸ್ತರರು ಪೇಪರ್ ಬಿಡಿಸಿ "ಬೆಲೆ ಏರಿಕೆಗೆ ಸರಕಾರದ ಕಡಿವಾಣ" ಎಂದು ಗಟ್ಟಿಯಾಗಿ ಓದುತ್ತಿದ್ದರು. ನಾನು ಬೆಚ್ಚಿಬೀಳುತ್ತಿದ್ದೆ. ಬೆಲೆಗೂ ಒಂದು ಬಾಯಿ ಇದೆಯೇ, ಅದಕ್ಕೂ ನಾಕು ಬೆರಳು ಖಾಲಿ ಜಾಗ ಬಿಟ್ಟಿದ್ದಾನೆಯೇ ದೇವರು? ಸಂತೆಗೆ ಹೊರಟ ಅತ್ತೆಯರು ಸೊಸೆಯರ ನಾಲಿಗೆಗೆ ಕಡಿವಾಣ ಬೇಕೆನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತ ಸೊಸೆಯರು ಸದ್ದಿಲ್ಲದೆ ಮೂಗು ಮುರಿಯುತ್ತಿದ್ದರು. ದಾವಲಸಾಬನ ಹೆಂಡತಿ ಮಾಬೂಬಿಯ ವಿಷಯಕ್ಕಂತೂ ಓಣಿಯೆಲ್ಲ ಒಂದೇ ಮಾತು. "ಆಕಿ ಬಾಯಿಗೆ ಕಡಿವಾಣನ ಇಲ್ಲ ಬಿಡ್ರಿ." ದಾವಲಸಾಬ ಅದನ್ನು ಕೇಳಿ, "ಎರಡ ಕಡಿವಾಣ ಮಾಡಸೂ ತಾಕತ್ತ ನನಗೆಲ್ಲಿ ಐತಿ? ಕುದರಿಗೆ ಒಂದು ಸಾಕು," ಎನ್ನುತ್ತಿದ್ದ.

ಒಂದು ಶ್ರಾವಣದಲ್ಲಿ ಊರಿಗೆ ಪುರಾಣ ಹೇಳುವ ಮಠದ ಅಜ್ಜಾರು ಬಂದರು. ರೈಲು ಇಳಿದವರೇ, ಚೀಲ ಹುಡುಕುತ್ತ ಹಿಂದುಳಿದ ತಬಲಾದವನನ್ನು ದಾರಿಯುದ್ದಕ್ಕೂ ಬೈದರು. ಸಂಜೆ ಪುರಾಣದಲ್ಲಿ, "ಮನಸ್ಸು ಎಂಬ ಕುದುರೆಗೆ ಕಡಿವಾಣ ಹಾಕಬೇಕಪ್ಪಾ, ಬಿಗಿಯಾಗಿ ಹಿಡೀಬೇಕು," ಎಂದು ಹೇಳಿದರು. ದಾವಲಸಾಬ ಗುಡಿಯ ಹೊರಗೆ ಟಾಂಗಾದ ಮೇಲೆ ಕೂತು ಕೇಳಿಸಿಕೊಂಡ. ಮರುದಿನ ಕರೆದೊಯ್ಯುವಾಗ ಅವರು ಕೇಳಿದರು: "ಪುರಾಣ ಹೆಂಗ ಅನಸ್ತೋ ಸಾಬಾ?"

"ಚೊಲೋ ಆತ್ರೀ ಅಜ್ಜಾರ. ಆದ್ರ ನಿಮ್ಮ ಕುದರೀನ ಭಾಳ ಬಿಗಿ ಹಿಡದೀರಿ. ಅದಕ್ಕ ಅದು ತಬಲಾದಣ್ಣಗ ಒದೀತೈತಿ."

ತಬಲಾದವನು ಮುಖ ಆಚೆ ತಿರುಗಿಸಿ ಕೆಮ್ಮಿದ. ಅಜ್ಜಾರಿಗೆ ಸಿಟ್ಟು ಬಂತೇನೋ ಅಂದುಕೊಂಡೆ. ಬರಲಿಲ್ಲ. "ಹಂಗಾರ ಹೆಂಗ ಹಿಡೀಬೇಕಪಾ?" ಎಂದು ಕೇಳಿದರು.

"ಕೋಳಿಮರಿ ಹಿಡದಂಗ್ರಿ. ಕೈ ಬಿಟ್ಟು ಓಡಬಾರದು, ಕೈಯಾಗ ಸಾಯಬಾರದು."

ಅಜ್ಜಾರು ಕೈಮುಗಿದರು. ಯಾರಿಗೆ ಮುಗಿದರೋ, ಅವನಿಗೋ, ಆ ಮಾತಿಗೋ, ನನಗೆ ತಿಳಿಯಲಿಲ್ಲ.

ವರ್ಷಗಳು ಹೋದವು. ಸ್ಟೇಷನ್ನಿನ ಮುಂದೆ ಆಟೋಗಳು ನಿಂತವು. ಆದರೂ ಹಳೆಯ ಜನ ಚಂದ್ರಿಯನ್ನೇ ಹುಡುಕಿ ಬರುತ್ತಿದ್ದರು. ನಮ್ಮ ಟಾಂಗಾ ನಿಲ್ಲಲು ಆಟೋ ಕಾರಣವಲ್ಲ. ಒಂದು ಬೆಳಿಗ್ಗೆ ದಾವಲಸಾಬ ಲಗಾಮು ಹಿಡಿಯಲು ಬಲಗೈ ಎತ್ತಿದ. ಕೈ ಏಳಲಿಲ್ಲ. ಲಕ್ವ ಹೊಡೆದಿತ್ತು. ಎಡಗೈಯಲ್ಲಿ ಎರಡು ತಿಂಗಳು ನೋಡಿದ. ಆ ಕೈಗೆ ಮಾತು ಬರುತ್ತಿರಲಿಲ್ಲ. ಚಂದ್ರಿ ತಡವರಿಸಿದಳು, ನಾನೂ ತಡವರಿಸಿದೆ.

ಕೊನೆಗೆ ಚಂದ್ರಿಯನ್ನು ಕೊಟ್ಟರು. ಕೊಂಡವರು ಕುರುಬರ ಬೀರಪ್ಪ ಮತ್ತವನ ಹೆಂಡತಿ ಮಾಳವ್ವ. ಕುರಿ ಹಿಂಡು ಕಟ್ಟಿಕೊಂಡು ಊರೂರು ತಿರುಗುವವರು. ಅಡುಗೆಯ ಪಾತ್ರೆ, ಕಂಬಳಿ, ನಡೆಯಲಾರದ ಎಳೆಯ ಕುರಿಮರಿಗಳು, ಎಲ್ಲವನ್ನೂ ಹೊರಲು ಅವರಿಗೊಂದು ಕುದುರೆ ಬೇಕಿತ್ತು. ಅವರಲ್ಲಿ ಕುದುರೆ ನಡೆಸುವುದು ಹೆಂಗಸರ ಪಾಲು. ಮಾಳವ್ವ ಚಂದ್ರಿಯ ಕೊರಳ ತಬ್ಬಿ, "ಬಾ ನನ್ನವ್ವ," ಎಂದಳು. ನೋಡಿ ನನಗೆ ಸಮಾಧಾನವಾಯಿತು.

ಆದರೆ ನಾನು ಹೋಗಲಿಲ್ಲ. ಆ ಕಡೆ ಒಂದು ರೂಢಿ ಇದೆ. ಎತ್ತು ಕೊಟ್ಟರೆ ಹಗ್ಗ ಕೊಡುವುದಿಲ್ಲ, ಕುದುರೆ ಕೊಟ್ಟರೆ ಕಡಿವಾಣ ಕೊಡುವುದಿಲ್ಲ. ಕೊಟ್ಟರೆ ಮನೆಯ ಬರಕತ್ತು, ಅಂದರೆ ಏಳಿಗೆ, ಅದರ ಹಿಂದೆಯೇ ನಡೆದು ಹೋಗುತ್ತದೆ ಎಂದು ನಂಬಿಕೆ. ಮಾಬೂಬಿಯ ಮಾವ ಹಿಂದೊಮ್ಮೆ ಅವಸರದಲ್ಲಿ ಕಡಿವಾಣ ಸಮೇತ ಕುದುರೆ ಕೊಟ್ಟಿದ್ದನಂತೆ. ಅದೇ ವರ್ಷ ಅವಳ ಚೊಚ್ಚಲ ಮಗ ಜ್ವರದಲ್ಲಿ ತೀರಿಕೊಂಡಿದ್ದ. ಆಮೇಲೆ ರೂಢಿ ಅವಳಿಗೆ ರೂಢಿಯಾಗಿ ಉಳಿಯಲಿಲ್ಲ, ಎದೆಯ ಗಾಯವಾಯಿತು. ಅವಳೇ ಚಂದ್ರಿಯ ಬಾಯಿಂದ ನನ್ನನ್ನು ಬಿಚ್ಚಿ, ಒರೆಸಿ, ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಗೋಡೆಯ ಮೊಳೆಗೆ ತೂಗುಹಾಕಿದಳು.

ಇದೇ ನನ್ನ ಮುಪ್ಪು ಎಂದುಕೊಂಡೆ. ಬಾಯಿಯ ಬಿಸಿ ಇಲ್ಲದೆ ಕಬ್ಬಿಣ ಬೇಗ ತಣ್ಣಗಾಗುತ್ತದೆ. ಗೋಡೆಯ ಮೇಲೆ ಜೋತು ಬಿದ್ದು ನಾನು ನನ್ನ ಹೆಸರಿನ ಬಗ್ಗೆಯೇ ಯೋಚಿಸುತ್ತಿದ್ದೆ. ಬೆಲೆ, ನಾಲಿಗೆ, ಮನಸ್ಸು, ಖರ್ಚು, ಆಸೆ, ಇಷ್ಟಕ್ಕೆಲ್ಲ ಕಡಿವಾಣ ಹಾಕಬೇಕೆನ್ನುವವರು ಒಬ್ಬರೂ ಸಡಿಲ ಬಿಡುವ ಗಳಿಗೆಯ ಬಗ್ಗೆ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಬರೀ ಎಳೆಯಬಲ್ಲವನ ಕೈಯಲ್ಲಿ ನಾನು ಕಬ್ಬಿಣದ ತುಂಡು. ಬಿಡಬಲ್ಲವನ ಕೈಯಲ್ಲಿ ಮಾತ್ರ ನಾನು ಕಡಿವಾಣ. ಹೀಗೆಲ್ಲ ಗೋಡೆಗೆ ಹೇಳಿಕೊಂಡು ಸುಮ್ಮನಿರುತ್ತಿದ್ದೆ.

ನನ್ನ ಕೆಳಗೇ ಹಾಸಿಗೆಯಲ್ಲಿ ಮಗಳು ಜೈತುನ್ ಮಲಗಿರುತ್ತಿದ್ದಳು. ಹೆರಿಗೆಗೆಂದು ತವರಿಗೆ ಬಂದಿದ್ದಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಒಂಬತ್ತು ತುಂಬಿತ್ತು. ಮಾಬೂಬಿ ಪ್ರತಿ ನಮಾಜಿನ ನಂತರ ಮಗಳ ಹೊಟ್ಟೆಯ ಮೇಲೆ ಊದಿ, ತಲೆಯೆತ್ತಿ ನಾನು ಮೊಳೆಯ ಮೇಲೆ ಇದ್ದೇನೆಯೇ ಎಂದು ನೋಡಿಕೊಳ್ಳುತ್ತಿದ್ದಳು.

ಚಂದ್ರಿ ಹೋಗಿ ಇಪ್ಪತ್ತು ದಿನವಾಗಿರಬೇಕು. ಒಂದು ಮಧ್ಯಾಹ್ನ ಮಾಳವ್ವ ಬಾಗಿಲಿಗೆ ಬಂದಳು. ಕಾಲ ಮೇಲೆಲ್ಲ ಧೂಳು.

"ಯಕ್ಕಾ, ಒಂದ ಮಾತು ಕೇಳಾಕ ಬಂದೇನಿ. ಕುದರಿ ನಡೀವಲ್ದು. ಬರೇ ಹಗ್ಗ ಹಿಡದು ಜಗ್ಗಿದ್ರ ಕಲ್ಲಿನಂಗ ನಿಂದರತೈತಿ, ಈ ಮನೀ ದಾರಿ ಹಿಡದ್ರ ಅಷ್ಟ ಹೆಜ್ಜಿ ಇಡತೈತಿ. ನಮ್ಮಾಂವ ಸಂತ್ಯಾಗಿಂದು ಒಂದು ತಂತೀ ಕಡಿವಾಣ ತಂದು ಹಾಕಿದ. ಹಾಕಿದಾಗಿಂದ ತಲಿ ಬಡಕೋತೈತಿ. ಮರಿ ಇಟ್ಟ ಜೋಳಿಗೀನೂ ಕೆಡವಿತು. ಅದರದ ಹಳೇದು ನಿಮ್ಮಲ್ಲಿ ಐತಂತಲ್ಲ…"

"ಐತಿ. ಕೊಡೂದಿಲ್ಲ," ಎಂದಳು ಮಾಬೂಬಿ.

"ಯಕ್ಕಾ…"

"ಯಕ್ಕ ಗಿಕ್ಕ ಏನಿಲ್ಲ. ಕುದರಿ ಕೊಟ್ಟೇವಿ, ಮನೀ ಬರಕತ್ತು ಕೊಟ್ಟಿಲ್ಲ. ಹನ್ನೆರಡು ವರ್ಷ ಹೂವಿನಂಗ ನಡದ ಕುದರಿ ನಿನ್ನ ಕೈಯಾಗ ಹೋದ ಕೂಡಲೆ ನಡೀಲಾರದಂಗ ಆತೇನು? ಹೊಡದಿರಬೇಕು ನೀವು! ಕುರಿ ಕಾಯವರಿಗೆ ಕುದರಿ ಯಾಕ ಬೇಕಿತ್ತು?"

ಒಳಗಿದ್ದ ದಾವಲಸಾಬ ಗೋಡೆ ಹಿಡಿದು ಬಾಗಿಲಿಗೆ ಬಂದ. ಮಾಳವ್ವ ಅವನತ್ತ ತಿರುಗಿದಳು. "ಅಣ್ಣಾ, ನಾಳೆ ಮುಂಜಾನೆ ಹಿಂಡು ಹೊಳೀ ಕಡೆ ಹೊಂಟೈತಿ. ಇಲ್ಲಿ ಮೇವು ತೀರೇತಿ, ನಿಂದರಾಕ ಬರೂದಿಲ್ಲ. ಇದು ನಡೀಲಿಲ್ಲಂದ್ರ ಇಲ್ಲೇ ಬಯಲಾಗ ಬಿಟ್ಟು ಹೋಗೂದು ಅಂತಾನ ನಮ್ಮಾಂವ. ಬಾಯಿ ಕೆಟ್ಟ ಕುದರಿ ಎಷ್ಟು ದಿನ ಬದುಕೀತು?"

"ಎಲ್ಲೈತಿ ಅದು?" ಎಂದ ದಾವಲಸಾಬ.

ಅವಳು ಹೇಳುವ ಮೊದಲೇ ಚಂದ್ರಿ ಬಂದಳು. ಓಣಿಯ ತುದಿಯ ಬೇವಿನ ಗಿಡಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿಕೊಂಡಿತ್ತೋ, ಕಟ್ಟಿದವಳೇ ಸಡಿಲ ಕಟ್ಟಿದ್ದಳೋ. ತನ್ನ ಮನೆಯ ಮುಂದೆ ಬಂದು, ಹಿಂದೆ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ತುಟಿಯ ಎರಡೂ ಮೂಲೆ ಸೀಳಿತ್ತು. ನೊಣ ಮುತ್ತಿತ್ತು. ನಾಲಿಗೆ ಬಾತು ಒಂದು ಬದಿಗೆ ಜೋತಿತ್ತು.

ಮಾಬೂಬಿ ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿದಳು. ಒಳಗೆ ಹೋಗಿ ಒಂದು ರೊಟ್ಟಿ ತಂದಳು. ಚಂದ್ರಿ ರೊಟ್ಟಿಯನ್ನು ತುಟಿಯಿಂದ ತೆಗೆದುಕೊಂಡಳು, ಅಗಿಯಲು ನೋಡಿದಳು, ಆಗಲಿಲ್ಲ. ರೊಟ್ಟಿ ನೆಲಕ್ಕೆ ಬಿತ್ತು. ಬಿಳಿಜೋಳದ ರೊಟ್ಟಿಯ ಮೇಲೆ ಕೆಂಪು ಹತ್ತಿತ್ತು. ಮಾಬೂಬಿ ಬಗ್ಗಿ ಅದನ್ನು ಎತ್ತಿ, ನೋಡಿ, ಸೆರಗಿನಲ್ಲಿ ಸುತ್ತಿಕೊಂಡಳು.

ದಾವಲಸಾಬ ಎಡಗೈಯಿಂದ ಚಂದ್ರಿಯ ಗದ್ದ ಎತ್ತಿ ಬಾಯಿ ನೋಡಿದ. ಆ ತಂತಿಯನ್ನು ಬಿಚ್ಚಿ ನೆಲಕ್ಕೆ ಬಿಟ್ಟ. "ವಾರೊಪ್ಪತ್ತು ಬಾಯಿಗೆ ಏನೂ ಹಾಕಬ್ಯಾಡವಾ. ಉಪ್ಪುನೀರ್ಲೆ ತೊಳಿ. ಹಸೀ ಹುಲ್ಲು ಸಣ್ಣಗ ಕೊಯ್ದು ತಿನಸು."

"ಅಲ್ಲೀತನಕ ನಡಸೂದು ಹೆಂಗಣ್ಣಾ?"

"ಅದರ ಕಡಿವಾಣ ಕೈಯಾಗ ಹಿಡಕೊಂಡು ಮುಂದ ಮುಂದ ನಡದ್ರ, ಬಳೆಗಳ ಸಪ್ಪಳಕ್ಕ ಬೆನ್ನ ಹತ್ತಿ ಬಂದೀತು. ಗಾಯ ಮಾದ ಮ್ಯಾಲೆ ಬಾಯಿಗೆ ಹಾಕಿದ್ರ ಆತು. ಖರೇ…" ಅವನು ಹೆಂಡತಿಯ ಮುಖ ನೋಡಿದ. "ಅದನ್ನ ಕೊಡೂದು ಬಿಡೂದು ನನ್ನ ಮಾತಿಗೆ ಸೇರಿದ್ದಲ್ಲ ತಂಗಿ."

ಮಾಬೂಬಿ ಒಳಗೆ ಬಂದಳು. ಬಂದು ನನ್ನ ಮುಂದೆ ನಿಂತಳು. ಅವಳ ಮುಖವನ್ನು ಅಷ್ಟು ಹೊತ್ತು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ತುಟಿ ಅಲುಗುತ್ತಿತ್ತು, ಏನೋ ದುವಾ ಇರಬೇಕು. ಕೈ ಎತ್ತಿದಳು. ಇಳಿಸಿದಳು. ಕೆಳಗೆ ಜೈತುನ್ ಕಣ್ಣು ತೆರೆದುಕೊಂಡು ಮಲಗಿದ್ದಳು. ಹೊರಗಿನ ಮಾತೆಲ್ಲ ಅವಳಿಗೂ ಕೇಳಿಸಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು. ಅವಳು ತಾಯಿಯನ್ನು ನೋಡಿ, ಮೊಳೆಗೆ ಕೈ ನಿಲುಕಲೆಂದು, ಮೆಲ್ಲಗೆ ಎರಡೂ ಕಾಲು ಮಡಚಿ ಜಾಗ ಮಾಡಿಕೊಟ್ಟಳು.

ಮಾಬೂಬಿ ನನ್ನನ್ನು ಇಳಿಸಿದಳು. ಬಳೆಗಳು ಸದ್ದು ಮಾಡಿದವು. ಹೊರಗೆ ಚಂದ್ರಿಯ ಎರಡೂ ಕಿವಿಗಳು ಬಾಗಿಲ ಕಡೆ ತಿರುಗಿದ್ದನ್ನು ಹೊಸಿಲು ದಾಟುವಾಗ ನೋಡಿದೆ.

ಅವಳು ಮಾಳವ್ವನ ಕೈ ಹಿಡಿದು, ಅಂಗೈ ಬಿಡಿಸಿ, ನನ್ನನ್ನು ಅದರೊಳಗಿಟ್ಟಳು. ಮಾಳವ್ವ ಏನೋ ಹೇಳಲು ಹೊರಟಳು. ಮಾಬೂಬಿ ಬೇಡವೆಂದು ತಲೆ ಅಲ್ಲಾಡಿಸಿ, ಅವಳ ಬೆರಳುಗಳನ್ನು ನನ್ನ ಮೇಲೆ ಒಂದೊಂದಾಗಿ ಮಡಚಿದಳು.

"ಅದರದ ಐತಿ," ಎಂದಳು ಮೆಲ್ಲಗೆ. "ಒಯ್ಯಿ."