ಆಧಾರಿನ ವಯಸ್ಸು

"ಐವತ್ತೊಂಬತ್ತು ಅಲ್ವಾ ಸಾರ್?" ಡಾಕ್ಟರ್ ಆಧಾರ್ ಕಾರ್ಡಿನ ಜೆರಾಕ್ಸ್ ನೋಡುತ್ತ ಕೇಳಿದರು.

"ಹೂಂ" ಎಂದರು ಏಕಾಂತಯ್ಯ. ಪಕ್ಕದಲ್ಲಿ ಕುಳಿತಿದ್ದ ಮಗಳು ಶರಣ್ಯಾ ಥಟ್ಟನೆ ಅವರ ಮುಖ ನೋಡಿದಳು.

"ಲಿಂಫೋಮಾ ಅನ್ನೋ ಅಪರೂಪದ ಕ್ಯಾನ್ಸರ್ ಇದು. ಎಷ್ಟು ವರ್ಷ ಬದುಕ್ತಾರೆ ಅನ್ನೋದು ನಾಲ್ಕು ವಿಷಯದ ಮೇಲೆ ನಿಂತಿರುತ್ತೆ. ರಕ್ತದ ರಿಪೋರ್ಟು, ಮೂಳೆಯೊಳಗಿನ ಮಜ್ಜೆ, ಪೇಷಂಟ್ ಎದ್ದು ಓಡಾಡ್ತಾರಾ ಅನ್ನೋದು, ಆಮೇಲೆ ವಯಸ್ಸು. ನೀವು ಅರವತ್ತರ ಒಳಗಿದ್ದೀರಿ, ಒಂದು ಔಷಧಿ ಜಾಸ್ತಿ ಸೇರಿಸಿ ಜೋರಾಗೇ ಕೊಡೋಣ. ದಾಟಿದವರು ಅದನ್ನ ತಡ್ಕೊಳ್ಳಲ್ಲ, ಕೆಲವರು ಮೊದಲನೇ ಸಲಕ್ಕೇ ಹೋಗಿಬಿಡ್ತಾರೆ. ಈ ಒಪ್ಪಿಗೆ ಫಾರಂ ಓದಿ ಸೈನ್ ಮಾಡ್ಕೊಂಡು ಬನ್ನಿ."

ಬಸವೇಶ್ವರನಗರದ ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಅಡರುತ್ತಿತ್ತು.

"ಅಪ್ಪಾಜಿ, ನೀವು ಪ್ಲವ ಸಂವತ್ಸರದಲ್ಲಿ ಹುಟ್ಟಿದೋರು. ಅರವತ್ತು ವರ್ಷಕ್ಕೆ ಅದು ತಿರುಗಿ ಬಂತು ಅಂತ ಅಜ್ಜಿ ಹೋಳಿಗೆ ಮಾಡಿಸಿ ನಾಲ್ಕು ವರ್ಷ ಆಯ್ತು."

"ನಿಮ್ಮಜ್ಜಿ ಮಾತು ಕೇಳಿದ್ರೆ ನನಗೆ ಈಗ ಒಂದು ಹಲ್ಲೂ ಇರಬಾರದು." ಏಕಾಂತಯ್ಯ ನಗಲು ನೋಡಿದರು.

ದನ ಕಾಯುತ್ತಿದ್ದ ಹುಡುಗ ಏಕಾಂತಯ್ಯ ಹತ್ತು ವರ್ಷ ದಾಟಿದ ಮೇಲೆ ಒಂದನೇ ತರಗತಿಗೆ ಹೋದಾಗ, ಮೇಷ್ಟ್ರು ಆರು ವರ್ಷಕ್ಕೆ ಸರಿಹೊಂದಿಸಿ ಹುಟ್ಟಿದ ದಿನ ಜೂನ್ ಒಂದು ಎಂದು ಬರೆದುಕೊಂಡಿದ್ದರು. ಅಜ್ಜಿಯ ಕಥೆಗಳಲ್ಲಿ ಯಮದೂತರು ಹೊಸಿಲಲ್ಲಿ ನಿಂತು ಹೆಸರು ಕೂಗುತ್ತಿದ್ದರು. ವಯಸ್ಸಿನ ದಾಖಲೆ ತೋರಿಸೆಂದು ಕೇಳಿದ ದೂತನನ್ನು ಶರಣ್ಯಾ ಯಾವ ಕಥೆಯಲ್ಲೂ ಕಂಡಿರಲಿಲ್ಲ.

"ಡಾಕ್ಟ್ರಿಗೆ ನಿಜ ಹೇಳಿಬಿಡೋಣ."

"ಬಿಲ್ಲಿನ ಜೊತೆ ಈ ಫೈಲೂ ನಮ್ಮ ಆಫೀಸಿಗೆ ಹೋಗುತ್ತೆ ಕಣೇ. ಅಲ್ಲಿ ಐವತ್ತೊಂಬತ್ತು, ಇಲ್ಲಿ ಅರವತ್ನಾಲ್ಕು ಅಂದ್ರೆ ಎನ್ಕ್ವೈರಿ ಕೂರಿಸ್ತಾರೆ. ಇನ್ನು ಎಂಟು ತಿಂಗಳು ಸರ್ವಿಸ್ ಇದೆ. ಪೆನ್ಶನ್ನೇ ನಿಂತುಹೋದ್ರೆ?"

"ನೀವೇ ಇಲ್ದಿದ್ರೆ ಪೆನ್ಶನ್ ಯಾರಿಗೆ?"

"ನಿಮ್ಮಮ್ಮಂಗೆ." ಏಕಾಂತಯ್ಯ ಪೆನ್ನನ್ನು ಅವಳತ್ತ ಸರಿಸಿದರು. "ನೀನೇ ಸೈನ್ ಹಾಕು. ಮನೆಯವರು ಹಾಕಿದ್ರೂ ನಡೆಯುತ್ತೆ."

ಅವಳು ಫಾರಂ ಅನ್ನು ಕೊನೆಯ ಸಾಲಿನವರೆಗೂ ಓದಿದಳು. ಆಮೇಲೆ ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ನರ್ಸ್ ಸೂಜಿ ಚುಚ್ಚಿ, ಬಾಟಲಿ ತೂಗುಹಾಕುವ ಮುನ್ನ ಹೆಸರು, ವಯಸ್ಸು ಕೇಳಿದಳು. ಏಕಾಂತಯ್ಯ ಪಾಠ ಒಪ್ಪಿಸುವ ಹುಡುಗನಂತೆ ಎರಡನ್ನೂ ಹೇಳಿದರು.

"ಸರಿ ತಾನೆ ಮೇಡಂ?"

ತಂದೆ ಕಣ್ಣು ಮುಚ್ಚಿಕೊಂಡಿದ್ದರು. ಶರಣ್ಯಾ ಅವರ ಹೊದಿಕೆ ಸರಿಪಡಿಸಿದಳು.

"ಹೂಂ."

ನರ್ಸ್ ಡ್ರಿಪ್ಪಿನ ಪುಟ್ಟ ಚಕ್ರ ತಿರುಗಿಸಿದಳು. ದಾಸವಾಳದ ಬಣ್ಣದ ಔಷಧಿ ನಳಿಕೆಯೊಳಗೆ ನಿಧಾನವಾಗಿ ಇಳಿಯಿತು. ಮಂಚದ ಅಂಚಿನ ತಿರುವಿನಲ್ಲಿ ಒಂದು ಕ್ಷಣ ತಡೆದಂತೆ ನಿಂತು, ಅಲ್ಲಿಂದ ಅವರ ತೋಳಿನ ಕಡೆ ಹೊರಳಿತು.